ಇಬ್ಬರ ಸಂಬಳವಿದ್ದೂ ತಿಂಗಳ ಇಪ್ಪತ್ತಕ್ಕೆ ಕೈ ಖಾಲಿ: ಕಾರ್ಡಿನ ಸಾಲವನ್ನು ಮನೆಯಲ್ಲಿ ಹೇಗೆ ಹೇಳಲಿ?

ಪ್ರಶ್ನೆ — ಸುರತ್ಕಲ್ ನಿವಾಸಿ

ಎಲ್ಲರಿಗೂ ನಮಸ್ಕಾರ. ನನಗೆ 39 ವರ್ಷ. ಬೈಕಂಪಾಡಿಯ ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಹದಿಮೂರು ವರ್ಷಗಳಿಂದ ದುಡಿಯುತ್ತಿದ್ದೇನೆ. ಕಡಿತಗಳೆಲ್ಲ ಕಳೆದು ಕೈಗೆ ಬರುವ ಸಂಬಳ 46,000 ರೂಪಾಯಿ. ಪತ್ನಿ ಖಾಸಗಿ ಶಾಲೆಯಲ್ಲಿ ಶಿಕ್ಷಕಿ. ಆಕೆಗೆ 18,000 ಬರುತ್ತದೆ. ಐದನೇ ತರಗತಿಯ ಮಗಳು, ವಯಸ್ಸಾದ ಅಪ್ಪ ಅಮ್ಮ ಸೇರಿ ಐದು ಜನರ ಸಂಸಾರ. ಸ್ವಂತ ಮನೆ, ಇಬ್ಬರ ದುಡಿಮೆ, ಅಂಗಳದಲ್ಲೊಂದು ಸ್ಕೂಟರ್ ಇರುವ ನಮ್ಮಲ್ಲಿ ನೋಡುವವರಿಗೆ ಯಾವ ಕೊರತೆಯೂ ಕಾಣಿಸದು. ಆದರೆ ತಿಂಗಳ ಇಪ್ಪತ್ತನೇ ತಾರೀಕು ದಾಟುವಷ್ಟರಲ್ಲಿ ಖಾತೆಯಲ್ಲಿ ಸಾವಿರ ರೂಪಾಯಿಯೂ ಉಳಿದಿರುವುದಿಲ್ಲ.

ಮೂರು ವರ್ಷಗಳ ಹಿಂದೆ ತಂಗಿಯ ಮದುವೆಗೆಂದು ವೈಯಕ್ತಿಕ ಸಾಲ ಮಾಡಿದೆ. ಅದರ ಮರುವರ್ಷ ಅಪ್ಪನ ಹೃದಯಕ್ಕೆ ಸ್ಟೆಂಟ್ ಹಾಕಿಸಬೇಕಾಯಿತು. ಆಸ್ಪತ್ರೆಯ ಬಿಲ್ಲಿನಲ್ಲಿ ಉಳಿದದ್ದನ್ನು ಎರಡು ಕ್ರೆಡಿಟ್ ಕಾರ್ಡುಗಳಲ್ಲಿ ಹಂಚಿ ಕಟ್ಟಿದೆ. ಈಗ ಕುಟುಂಬದ ದೈವಸ್ಥಾನದ ಜೀರ್ಣೋದ್ಧಾರಕ್ಕೆ ನಮ್ಮ ಪಾಲಿಗೆ 25,000 ಬಂದಿದೆ. ತಿಂಗಳ ಕಂತುಗಳು ಹೀಗಿವೆ: 2018ರಲ್ಲಿ ಮಾಡಿದ ಗೃಹಸಾಲಕ್ಕೆ 17,600, ವೈಯಕ್ತಿಕ ಸಾಲಕ್ಕೆ 7,900, ಸೊಸೈಟಿಯ ಜಾಮೀನು ಸಾಲಕ್ಕೆ 3,200, ಕಾರ್ಡುಗಳ ಕನಿಷ್ಠ ಪಾವತಿ 9,200, ಚೀಟಿಗೆ 5,000, ದಿನಕ್ಕೆ ನೂರರಂತೆ ಪಿಗ್ಮಿಗೆ 3,000. ಉಳಿಯುವುದು ಹದಿನೆಂಟು ಸಾವಿರ. ಅದರಲ್ಲೇ ದಿನಸಿ, ಶಾಲೆಯ ಶುಲ್ಕ, ಪೆಟ್ರೋಲು, ಅಪ್ಪನ ಔಷಧ ಎಲ್ಲವೂ ಆಗಬೇಕು. ಆಗದಿದ್ದಾಗ ಪುನಃ ಕಾರ್ಡನ್ನೇ ಉಜ್ಜುತ್ತೇನೆ. ಹದಿನಾರು ತಿಂಗಳಿಂದ ಕನಿಷ್ಠ ಪಾವತಿಯನ್ನು ಒಮ್ಮೆಯೂ ತಪ್ಪಿಸಿಲ್ಲ, ಆದರೂ ಎರಡು ಕಾರ್ಡುಗಳ ಬಾಕಿ 1,84,000ದಿಂದ ಕೆಳಗಿಳಿಯುತ್ತಿಲ್ಲ.

ಪತ್ನಿಗೆ ಗೃಹಸಾಲವೂ ಮದುವೆಯ ಸಾಲವೂ ಗೊತ್ತು. ಕಾರ್ಡಿನ ವಿಷಯ ಗೊತ್ತಿಲ್ಲ. ಕಾರ್ಖಾನೆಯ ಲೆಕ್ಕದಲ್ಲಿ ಒಂದು ರೂಪಾಯಿ ವ್ಯತ್ಯಾಸ ಬಂದರೂ ರಾತ್ರಿ ಎಂಟರವರೆಗೆ ಕುಳಿತು ಸರಿಪಡಿಸುವ ನಾನು ನನ್ನ ಸಾಲಗಳನ್ನು ಈವರೆಗೆ ಒಂದೇ ಹಾಳೆಯಲ್ಲಿ ಕೂಡಿಸಿ ನೋಡಿಲ್ಲ. ರಾತ್ರಿ ಎರಡೂವರೆಗೆ ಎಚ್ಚರವಾದರೆ ಮತ್ತೆ ನಿದ್ರೆ ಬರುವುದಿಲ್ಲ. ಕತ್ತಲಲ್ಲಿ ಮನಸ್ಸಿನಲ್ಲೇ ಕೂಡಿಸುತ್ತಾ ಹೋದರೆ ಒಂದು ದಿನ ಐದು ಲಕ್ಷ ಎನಿಸುತ್ತದೆ, ಇನ್ನೊಂದು ದಿನ ಏಳು. ಫೋನಿಗೆ ಸಂದೇಶ ಬಂದ ಸದ್ದಾದರೆ ಎದೆ ಧಸಕ್ಕೆನ್ನುತ್ತದೆ. ಮೊನ್ನೆ ಮಗಳು ಶಾಲೆಯ ಪ್ರವಾಸಕ್ಕೆ 650 ರೂಪಾಯಿ ಕೇಳಿದಳು. ಕಾರಣವಿಲ್ಲದೆ ಗದರಿಬಿಟ್ಟೆ. ಅವಳು ಅಳಲಿಲ್ಲ; ಶಾಲೆಯಿಂದ ಕೊಟ್ಟ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಕಂಪಾಸ್ ಬಾಕ್ಸಿನೊಳಗಿಟ್ಟು ಮುಚ್ಚಳ ಹಾಕಿದಳು. ಅದನ್ನು ಕಂಡ ಮೇಲೆ, ಯಾರಲ್ಲಾದರೂ ಕೇಳಲೇಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ಯಾವ ಸಾಲವನ್ನು ಮೊದಲು ತೀರಿಸಬೇಕು? ಮೊಬೈಲ್ ಆ್ಯಪ್ ಒಂದು ಐದು ನಿಮಿಷದಲ್ಲಿ ಮೂರು ಲಕ್ಷ ಕೊಡುತ್ತೇನೆ ಎನ್ನುತ್ತಿದೆ. ಅದನ್ನು ಪಡೆದು ಕಾರ್ಡು ಮುಗಿಸಿಬಿಡಲೇ? ಪತ್ನಿಗೆ ಹೇಳದೆಯೇ ಇದನ್ನು ಸರಿಪಡಿಸುವ ದಾರಿಯೇನಾದರೂ ಇದೆಯೇ?

ಉತ್ತರ — ನಿವೃತ್ತ ಬ್ಯಾಂಕ್ ನೌಕರ, ಕುಂಜಿಬೆಟ್ಟು

ನೀವು ವಿವರವಾಗಿ ಅಂಕಿಅಂಶ ಕೊಟ್ಟದ್ದು ಒಳ್ಳೆಯದಾಯಿತು. ಮೂವತ್ತನಾಲ್ಕು ವರ್ಷ ಬ್ಯಾಂಕಿನ ಕೌಂಟರಿನ ಒಳಬದಿಯಲ್ಲಿ ಕುಳಿತವನು ನಾನು. ಎದುರಿಗೆ ಬಂದು ನಿಂತವರ ಮುಖ ನೋಡಿಯೇ ಇವರಿಗೆ ತಮ್ಮ ಒಟ್ಟು ಸಾಲದ ಮೊತ್ತ ಗೊತ್ತಿದೆಯೋ ಇಲ್ಲವೋ ಎಂದು ಹೇಳಬಹುದಿತ್ತು. ಗೊತ್ತಿದ್ದವರು ಬಡ್ಡಿಯ ಬಗ್ಗೆ ಕೇಳುತ್ತಿದ್ದರು. ಗೊತ್ತಿಲ್ಲದವರು ಇನ್ನೆಷ್ಟು ಸಾಲ ಸಿಗುತ್ತದೆ ಎಂದು ಕೇಳುತ್ತಿದ್ದರು. ಆದ್ದರಿಂದ ಆ್ಯಪಿನ ಮೂರು ಲಕ್ಷದ ಮಾತನ್ನು ದಯವಿಟ್ಟು ಇಲ್ಲಿಗೇ ಬಿಡಿ.

ಮೊದಲು ನಿಮ್ಮ ಕಾರ್ಡಿನ ಬಾಕಿ ಏಕೆ ಇಳಿಯುತ್ತಿಲ್ಲ ಎಂಬುದನ್ನು ನೋಡೋಣ. ತಿಂಗಳಿಗೆ ಶೇ. 3.5 ಬಡ್ಡಿ ಎಂದಿಟ್ಟುಕೊಂಡರೆ, ಅಂದರೆ ವರ್ಷಕ್ಕೆ ಶೇ. 42, 1,84,000 ರೂಪಾಯಿಗೆ ಒಂದು ತಿಂಗಳ ಬಡ್ಡಿಯೇ 6,440. ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ ಸೇರಿದರೆ ಸುಮಾರು 7,600 ಆಗುತ್ತದೆ. ನೀವು ಕಟ್ಟುವ 9,200ರಲ್ಲಿ ಅಸಲಿಗೆ ಹೋಗುವುದು 1,600 ಮಾತ್ರ. ತಿಂಗಳ ಕೊನೆಗೆ ಎರಡು ಸಾವಿರದ ದಿನಸಿ ಅದೇ ಕಾರ್ಡಿನಲ್ಲಿ ತಂದರೆ ಬಾಕಿ ಹೆಚ್ಚೇ ಆಗುತ್ತದೆ. ಇನ್ನೊಂದು ಸಂಗತಿ ಬಹಳ ಮಂದಿಗೆ ತಿಳಿದಿಲ್ಲ. ಹಿಂದಿನ ಬಾಕಿಯನ್ನು ಪೂರ್ತಿ ಕಟ್ಟದವರಿಗೆ ಹೊಸ ಖರೀದಿಯ ಮೇಲಿನ ಬಡ್ಡಿರಹಿತ ಅವಧಿ ಸಿಗುವುದಿಲ್ಲ. ಇಂದು ತಂದ ಅಕ್ಕಿಗೆ ಇಂದಿನಿಂದಲೇ ಬಡ್ಡಿ. ಹಾಗಾಗಿ ಎರಡೂ ಕಾರ್ಡುಗಳನ್ನು ಈ ದಿನವೇ ಪರ್ಸಿನಿಂದ ತೆಗೆದು ಕಪಾಟಿನಲ್ಲಿಡಿ, ಫೋನಿನ ಖರೀದಿ ಆ್ಯಪುಗಳಿಂದಲೂ ಅಳಿಸಿ.

ಎರಡನೆಯದು ಪಿಗ್ಮಿ. ಈ ಮಾತನ್ನು ಉಡುಪಿಯವನಾಗಿ ಬರೆಯಲು ನನಗೆ ಸ್ವಲ್ಪ ಸಂಕಟವೇ ಆಗುತ್ತದೆ. 1925ರಲ್ಲಿ ನಮ್ಮೂರಿನಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿದಾಗ, ದಿನಕ್ಕೆ ಎರಡಾಣೆ ಉಳಿಸಬಲ್ಲ ನೇಕಾರರ, ಕೂಲಿಕಾರರ ಮನೆಬಾಗಿಲಿಗೇ ಬ್ಯಾಂಕಿನವರು ಹೋಗುತ್ತಿದ್ದರು. ಎಷ್ಟೋ ಹೆಣ್ಣುಮಕ್ಕಳ ಮದುವೆ ಆ ದುಡ್ಡಿನಲ್ಲಿ ನಡೆದದ್ದನ್ನು ನಾನು ಕಂಡಿದ್ದೇನೆ. ಆದರೆ ಶೇ. 42ರ ಸಾಲ ತಲೆಯ ಮೇಲಿರುವಾಗ ಶೇ. 3 ಅಥವಾ 4ರ ಬಡ್ಡಿಗೆ ಹಣ ಕಟ್ಟುತ್ತಾ ಹೋಗುವುದು ಉಳಿತಾಯವಾಗದು. ಹದಿನೆಂಟು ತಿಂಗಳು ಕಟ್ಟಿದ್ದರೆ 54,000 ಇರಬೇಕು. ಅವಧಿಗೆ ಮೊದಲು ತೆಗೆದರೆ ಸ್ವಲ್ಪ ಕಡಿತವಾದೀತು. ಕೇಳಿ ತಿಳಿದುಕೊಂಡು, ತೆಗೆದು ಕಾರ್ಡಿಗೆ ಕಟ್ಟಿ. ಆಗ ಉಳಿಯುವುದು ಸುಮಾರು 1,30,000.

ಅದಕ್ಕೆ ಬ್ಯಾಂಕಿನಲ್ಲಿ ಚಿನ್ನದ ಮೇಲೆ ಸಾಲ ಪಡೆಯುವುದು ಸರಿಯಾದ ದಾರಿ. ಶೇ. 9.5ರ ಬಡ್ಡಿಯೆಂದು ಹಿಡಿದರೆ ತಿಂಗಳ ಬಡ್ಡಿ ಸಾವಿರದ ಮೂವತ್ತರ ಹತ್ತಿರ. ಈಗ ಕಾರ್ಡಿಗೆ ಕಟ್ಟುತ್ತಿರುವ ಅದೇ 9,200ನ್ನು ಇಲ್ಲಿ ಕಟ್ಟಿದರೆ ಸುಮಾರು ಹದಿನೈದು ತಿಂಗಳಲ್ಲಿ ಸಾಲ ಮುಗಿದು ಒಡವೆ ಮನೆಗೆ ಬರುತ್ತದೆ. ಚಿನ್ನದ ಸಾಲವನ್ನು ಹೆಚ್ಚಿನವರು ವರ್ಷದ ಕೊನೆಗೆ ಒಂದೇ ಗಂಟಾಗಿ ಕಟ್ಟುವ ಕರಾರಿನಲ್ಲಿ ಪಡೆಯುತ್ತಾರೆ, ಗಡುವು ಬಂದಾಗ ಬಡ್ಡಿ ಮಾತ್ರ ಕಟ್ಟಿ ನವೀಕರಿಸುತ್ತಾರೆ. ಹೀಗೆ ಎಂಟು ವರ್ಷ ಬ್ಯಾಂಕಿನ ತಿಜೋರಿಯಲ್ಲೇ ಉಳಿದ ಬಳೆಗಳನ್ನು ನಾನು ನೋಡಿದ್ದೇನೆ. ನೀವು ತಿಂಗಳ ಕಂತಿನ ಸಾಲವನ್ನೇ ಕೇಳಿ. ಎರಡೂವರೆ ಲಕ್ಷದ ವರೆಗಿನ ಸಾಲಕ್ಕೆ ಚಿನ್ನದ ಬೆಲೆಯ ಶೇ. 85ರಷ್ಟು ಕೊಡಲು 2026ರ ಏಪ್ರಿಲ್ 1ರಿಂದ ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಅವಕಾಶವಿದೆಯೆಂದು ಪೂರ್ತಿ ಮೊತ್ತ ಎತ್ತಬೇಡಿ. ಕಾರ್ಡಿಗೆ ಬೇಕಾದಷ್ಟೇ ಸಾಕು.

ಗೃಹಸಾಲದಲ್ಲಿಯೂ ನಿಮಗೆ ದುಡ್ಡು ಉಳಿಯುವ ಸಾಧ್ಯತೆಯಿದೆ. 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಕೊಡುವ ಹೊಸ ಗೃಹಸಾಲದ ಬದಲಾಗುವ ಬಡ್ಡಿಯನ್ನು ರೆಪೊದಂಥ (ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ದರ) ಹೊರಗಿನ ದರಕ್ಕೆ ಜೋಡಿಸಲಾಗಿದೆ. ನಿಮ್ಮದು 2018ರ ಸಾಲವಾದ್ದರಿಂದ ಹಳೆಯ ಪದ್ಧತಿಯಲ್ಲೇ ಉಳಿದಿರಬಹುದು. 2025ರಲ್ಲಿ ರೆಪೊ ದರ ಶೇ. 6.50ರಿಂದ 5.25ಕ್ಕೆ ಇಳಿದಿದೆ, ನಿಮ್ಮ ಬಡ್ಡಿ ಎಷ್ಟು ಇಳಿದಿದೆಯೆಂದು ಶಾಖೆಗೆ ಹೋಗಿ ಕೇಳಿ. ಒಂದಿಷ್ಟು ಶುಲ್ಕ ಕೊಟ್ಟು ಹೊಸ ಪದ್ಧತಿಗೆ ಬದಲಾಯಿಸಿಕೊಳ್ಳಲು ಸಾಧ್ಯವಿದೆ. ಅಸಲು ಹದಿನಾರು ಲಕ್ಷ ಉಳಿದಿದ್ದರೆ, ಶೇಕಡಾ ಒಂದು ಇಳಿದರೂ ವರ್ಷಕ್ಕೆ ಹದಿನಾರು ಸಾವಿರ ನಿಮ್ಮದು. ಬಡ್ಡಿ ಇಳಿದಾಗ ಬ್ಯಾಂಕುಗಳು ಸಾಮಾನ್ಯವಾಗಿ ಕಂತನ್ನು ಹಾಗೆಯೇ ಇಟ್ಟು ಅವಧಿಯನ್ನು ಕಡಿಮೆ ಮಾಡುತ್ತವೆ. ಸದ್ಯ ನಿಮಗೆ ತಿಂಗಳ ಉಸಿರಾಟ ಮುಖ್ಯವಾದ್ದರಿಂದ ಕಂತನ್ನೇ ಇಳಿಸಿಕೊಡಿ ಎಂದು ಬರೆದು ಕೊಡಿ.

ಚೀಟಿಯನ್ನು ಈಗ ಅವಸರದಲ್ಲಿ ಎತ್ತಬೇಡಿ. ಕಷ್ಟದಲ್ಲಿರುವವರೇ ಹರಾಜಿನಲ್ಲಿ ಹೆಚ್ಚು ಬಿಟ್ಟುಕೊಡುವುದು. ಆ ಚೀಟಿ 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಣಿಯಾಗಿದೆಯೇ ಎಂಬುದನ್ನು ಮಾತ್ರ ಖಚಿತಪಡಿಸಿಕೊಳ್ಳಿ.

ಉತ್ತರ — ಕಾರ್ಕಳದ ಗೃಹಿಣಿ

ಮೇಲಿನ ಹಿರಿಯರ ಲೆಕ್ಕ ಸರಿಯಾಗಿದೆ. ಆದರೆ ಒಡವೆ ಅಡವಿಡುವ ಮಾತು ಬಂದಾಗ ಆ ಒಡವೆ ಯಾರದು ಎಂಬ ಪ್ರಶ್ನೆಯನ್ನು ಅವರು ಎತ್ತಲಿಲ್ಲ. ನೀವೂ ನಿಮ್ಮ ಮೂರನೆಯ ಪ್ರಶ್ನೆಯನ್ನು ಕೊನೆಗೆ ಇಟ್ಟಿದ್ದೀರಿ. ನನ್ನ ದೃಷ್ಟಿಯಲ್ಲಿ ಅದೇ ಮೊದಲನೆಯದು.

ಒಂಬತ್ತು ವರ್ಷಗಳ ಹಿಂದಿನ ಮಾತು. ಅಣ್ಣನ ಮಗಳ ಮದುವೆಗೆ ಎರಡು ದಿನ ಇರುವಾಗ ನಾನು ಕಪಾಟಿನಿಂದ ಕೆಂಪು ಮಖಮಲ್ಲಿನ ಪೆಟ್ಟಿಗೆಯನ್ನು ತೆಗೆದೆ. ಕೈಗೆತ್ತಿಕೊಂಡ ಕೂಡಲೇ ತೂಕ ಕಡಿಮೆಯೆನಿಸಿತು. ತೆರೆದರೆ ಸರದ ಜಾಗದಲ್ಲಿ ಅದರ ಅಚ್ಚು ಮಾತ್ರ ಉಳಿದಿತ್ತು; ಅಮ್ಮ ಕೊಟ್ಟ ನಾಲ್ಕು ಬಳೆಗಳೂ ಇರಲಿಲ್ಲ. ಕಳ್ಳತನವಾಗಿದೆಯೆಂದು ನಾನು ಕೂಗಿಕೊಂಡೆ. ಯಜಮಾನರು ಆಗ ದುಬೈಯಿಂದ ಕೆಲಸ ಬಿಟ್ಟು ಬಂದು ಒಂದು ವರ್ಷವಾಗಿತ್ತು. ಅವರು ಬಾಗಿಲ ಬಳಿ ನಿಂತು, ಕೂಗಬೇಡ, ಅದು ಬ್ಯಾಂಕಿನಲ್ಲಿದೆ ಎಂದರು. ಅಂಗಡಿಯ ನಷ್ಟ ತುಂಬಲು ಏಳು ತಿಂಗಳ ಹಿಂದೆಯೇ ಇಟ್ಟಿದ್ದರಂತೆ. ಮದುವೆಗೆ ಕರಿಮಣಿ ಒಂದನ್ನೇ ಹಾಕಿಕೊಂಡು ಹೋದೆ. ಅಲ್ಲಿ ಯಾರೂ ಏನೂ ಕೇಳಲಿಲ್ಲ, ನಿಜ ಹೇಳಬೇಕೆಂದರೆ ಯಾರೂ ಗಮನಿಸಿರಲೂ ಇಲ್ಲ. ಆದರೆ ಏಳು ತಿಂಗಳ ಕಾಲ ದಿನವೂ ನನ್ನ ಕೈಯಿಂದಲೇ ಊಟ ಬಡಿಸಿಕೊಂಡು ಅವರು ಸುಮ್ಮನಿದ್ದರಲ್ಲ ಎಂಬುದು ಸಾಲ ತೀರಿ ಒಡವೆ ಮರಳಿ ಬಂದ ಮೇಲೂ ಎರಡು ವರ್ಷ ನನ್ನನ್ನು ಬಿಡಲಿಲ್ಲ.

ತವರಿನಿಂದ ಬಂದ ಒಡವೆ ಹೆಂಡತಿಯ ಸ್ವತ್ತು. 1985ರಲ್ಲಿ ಪ್ರತಿಭಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ತ್ರೀಧನವು ಆಕೆಗೆ ಮಾತ್ರ ಸೇರಿದ್ದು, ಗಂಡನಾದವನು ಅದನ್ನು ಕಾಪಾಡುವವನಷ್ಟೆ ಎಂಬ ಅರ್ಥದ ತೀರ್ಪು ಕೊಟ್ಟಿದೆ. ಆದರೆ ಮನೆಯೊಳಗಿನ ವಿಷಯಕ್ಕೆ ಕೋರ್ಟಿನವರೆಗೆ ಹೋಗಬೇಕಾಗಿಲ್ಲ. ನೀವು ಹಾಳೆಯೊಂದರಲ್ಲಿ ಎಲ್ಲವನ್ನೂ ಬರೆದು, ಮಗಳು ಮಲಗಿದ ಮೇಲೆ, ಅಪ್ಪ ಅಮ್ಮ ಎದುರಿಗಿಲ್ಲದ ಹೊತ್ತಿನಲ್ಲಿ ಪತ್ನಿಯ ಮುಂದಿಡಿ. ಕಾರಣಗಳನ್ನು ಮೊದಲು ಹೇಳಬೇಡಿ. ತಂಗಿಯ ಮದುವೆ, ಅಪ್ಪನ ಆಸ್ಪತ್ರೆ ಎಂದು ಆರಂಭಿಸಿದರೆ, ನಿಮ್ಮ ಕಡೆಯವರಿಗಾಗಿ ಮಾಡಿದ್ದು ಎಂಬ ಮಾತು ಬಂದೇ ಬರುತ್ತದೆ, ಆಮೇಲೆ ಸಾಲ ಬದಿಗೆ ಸರಿದು ಜಗಳವೇ ಉಳಿಯುತ್ತದೆ. ಇಷ್ಟು ಸಾಲವಿದೆ, ನಿನ್ನಿಂದ ಮುಚ್ಚಿಟ್ಟೆ, ಅದು ತಪ್ಪಾಯಿತು. ಇಷ್ಟನ್ನು ಹೇಳಿ ಸುಮ್ಮನಾಗಿ. ಒಡವೆಯ ಮಾತನ್ನು ಆ ದಿನ ಎತ್ತಲೇಬೇಡಿ. ಆಕೆಯೇ ಎತ್ತಿದರೆ ಯಾವ ಒಡವೆಯೆಂದು ಆಕೆಯೇ ಆರಿಸಲಿ, ಬ್ಯಾಂಕಿಗೆ ಆಕೆಯ ಹೆಸರಿನಲ್ಲೇ ಹೋಗಲಿ.

ಉತ್ತರ — ಮಲ್ಪೆಯಿಂದ

ನಮ್ಮದು ಮೀನುಗಾರಿಕೆಯ ಕುಟುಂಬ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆ ಎರಡು ತಿಂಗಳು ಬರುವುದೇನೂ ಇಲ್ಲ, ಹೋಗುವುದು ಮಾತ್ರ ಹೆಚ್ಚು: ಬಲೆಯ ದುರಸ್ತಿ, ಎಂಜಿನ್ ಕೆಲಸ, ಶಾಲೆ ಆರಂಭದ ಖರ್ಚು. ಹಾಗಾಗಿ ಸಂಬಳವಿಲ್ಲದ ತಿಂಗಳಿಗೆ ಮೊದಲೇ ಹಣ ಎತ್ತಿಡುವ ಅಭ್ಯಾಸ ನಮಗೆ ಅನಿವಾರ್ಯವಾಗಿ ಬಂದಿದೆ. ಅಮ್ಮ ಮಳೆಗಾಲಕ್ಕೆಂದು ಸಾಂತಾಣಿ, ಹಪ್ಪಳ, ಒಣಮೀನು, ಸೌದೆ ಕೂಡಿಡುತ್ತಿದ್ದಂತೆ ನಾವು ಬೇರೊಂದು ಬ್ಯಾಂಕ್ ಖಾತೆಯಲ್ಲಿ ಮಳೆಗಾಲದ ಹಣ ಇಡುತ್ತೇವೆ. ಆ ಖಾತೆಗೆ ಎಟಿಎಂ ಕಾರ್ಡ್ ತೆಗೆದುಕೊಂಡಿಲ್ಲ, ಫೋನಿನಿಂದ ಪಾವತಿ ಮಾಡುವ ಸೌಲಭ್ಯವನ್ನೂ ಜೋಡಿಸಿಲ್ಲ. ಬೇಕಾದರೆ ಪಾಸ್‌ಬುಕ್ ಹಿಡಿದು ಸಾಲಿನಲ್ಲಿ ನಿಲ್ಲಬೇಕು. ಆ ಸಾಲಿನ ಭಯಕ್ಕೇ ಎಷ್ಟೋ ಅನವಶ್ಯಕ ಖರ್ಚು ತಪ್ಪಿದೆ.

ಪಿಗ್ಮಿ ನಿಲ್ಲಿಸಿದ ಮೇಲೆ ಉಳಿಯುವ 3,000ನ್ನು ನೀವು ಸಾಲಕ್ಕೆ ಸುರಿಯದೆ ಇಂಥದ್ದೊಂದು ಖಾತೆಗೆ ಹಾಕಿ ಎಂಬುದು ನನ್ನ ಅಭಿಪ್ರಾಯ. ಲೆಕ್ಕದ ಪ್ರಕಾರ ಸಾಲ ತೀರಿಸುವುದೇ ಲಾಭ ಎಂದು ಹಿರಿಯರು ಹೇಳಬಹುದು. ಆದರೆ ಕೈಯಲ್ಲಿ ಹತ್ತಿಪ್ಪತ್ತು ಸಾವಿರ ಇಲ್ಲದವನು ಸ್ಕೂಟರಿನ ಟೈರು ಒಡೆದ ದಿನ ಪುನಃ ಕಾರ್ಡನ್ನು ಹುಡುಕುತ್ತಾನೆ. ಹಣವನ್ನು ಬ್ಯಾಂಕಿನಲ್ಲೇ ಇಡಿ. ಬ್ಯಾಂಕ್ ಠೇವಣಿಗೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದ ವರೆಗೆ ಠೇವಣಿ ವಿಮೆಯಿದೆ. 2020ರ ಫೆಬ್ರವರಿಗೆ ಮೊದಲು ಅದು 1 ಲಕ್ಷವಿತ್ತು. ಪತ್ತಿನ ಸಹಕಾರಿ ಸಂಘಗಳ ಠೇವಣಿಗೆ ಈ ವಿಮೆ ಇಲ್ಲ. ನಮ್ಮ ಜಿಲ್ಲೆಗಳಲ್ಲಿ ಒಳ್ಳೆಯ ಸೊಸೈಟಿಗಳು ಬಹಳ ಇವೆ, ಆದರೂ ಆಪತ್ತಿನ ಹಣಕ್ಕೆ ಈ ವ್ಯತ್ಯಾಸ ತಿಳಿದಿರಬೇಕು.

ನಿಮ್ಮ ಪಟ್ಟಿಯಲ್ಲಿ ವಿಮೆ ಕಾಣಿಸಲಿಲ್ಲ. ಐದು ಜನರ ಸಂಸಾರಕ್ಕೆ ಆಧಾರವಾದವರು ನೀವು. ಸದ್ಯಕ್ಕೆ ಹೆಚ್ಚು ಸಾಧ್ಯವಿಲ್ಲದಿದ್ದರೂ ಪ್ರಧಾನಮಂತ್ರಿ ಜೀವನ ಜ್ಯೋತಿಗೆ ವರ್ಷಕ್ಕೆ 436 ರೂಪಾಯಿ, ಸುರಕ್ಷಾ ವಿಮೆಗೆ 20 ರೂಪಾಯಿ. ಮೊದಲನೆಯದು ಯಾವುದೇ ಕಾರಣದ ಮರಣಕ್ಕೆ, ಎರಡನೆಯದು ಅಪಘಾತಕ್ಕೆ, ತಲಾ 2 ಲಕ್ಷ. ಶಾಖೆಯಲ್ಲಿ ಒಂದು ಅರ್ಜಿ ತುಂಬಿದರೆ ಸಾಕು.

ದೈವಸ್ಥಾನದ ವಂತಿಗೆಯ ವಿಷಯದಲ್ಲಿ ನನ್ನ ಅನುಭವ ಹೇಳುತ್ತೇನೆ. ನಮ್ಮ ತರವಾಡು ಮನೆಯ ಜೀರ್ಣೋದ್ಧಾರಕ್ಕೆ ನನ್ನ ಪಾಲು 30,000 ಬಂದ ವರ್ಷ ಮೀನು ಇರಲಿಲ್ಲ. ಸಭೆಯಲ್ಲಿ ಎದ್ದು ನಿಂತು ಒಂದೇ ಸಲ ಆಗುವುದಿಲ್ಲ, ಮೂರು ಕಂತಿನಲ್ಲಿ ಕೊಡುತ್ತೇನೆ ಎಂದಾಗ ಕಾಲು ನಡುಗುತ್ತಿತ್ತು. ಯಜಮಾನರು ಬರೆದುಕೊಂಡು ಮುಂದಿನ ಹೆಸರು ಕೂಗಿದರು, ಅಷ್ಟೆ. ಸಭೆ ಮುಗಿದ ಮೇಲೆ ಇಬ್ಬರು ಭಾವಂದಿರು ಬಂದು, ನೀನು ಹೇಳಿದ್ದರಿಂದ ನಾವೂ ಕಂತು ಕೇಳಿದೆವು ಎಂದರು. ಸಾಲ ಮಾಡಿ ತಂದ ಹಣವೇ ಬೇಕೆಂದು ದೈವ ಕೇಳುವುದಿಲ್ಲ. ಹಾಗೆ ಭಯಪಡುವವರು ನಾವು.

ಉತ್ತರ — ಮಣಿಪಾಲದ ನರ್ಸ್

ನಿಮ್ಮ ಬರಹದಲ್ಲಿ ನನ್ನ ಗಮನ ನಿಂತದ್ದು ರಾತ್ರಿ ಎರಡೂವರೆಯ ಎಚ್ಚರದ ಮೇಲೆ. ಹಣದ ಚಿಂತೆ ಬುದ್ಧಿಯ ಶಕ್ತಿಯನ್ನೇ ತಿನ್ನುತ್ತದೆ ಎಂಬುದಕ್ಕೆ ಒಳ್ಳೆಯ ಅಧ್ಯಯನವೊಂದಿದೆ. ತಮಿಳುನಾಡಿನ ಕಬ್ಬು ಬೆಳೆಗಾರರನ್ನು ಕಟಾವಿಗೆ ಮೊದಲು, ಕೈ ಬರಿದಾಗಿದ್ದಾಗ ಒಮ್ಮೆ, ಕಟಾವಿನ ಹಣ ಬಂದ ಮೇಲೆ ಇನ್ನೊಮ್ಮೆ ಪರೀಕ್ಷಿಸಿದರು. ಅದೇ ರೈತರು ಹಣವಿಲ್ಲದ ತಿಂಗಳಲ್ಲಿ ಕಡಿಮೆ ಅಂಕ ಪಡೆದರು. 2013ರಲ್ಲಿ ಪ್ರಕಟವಾದ ಆ ಅಧ್ಯಯನವನ್ನು ಓದಿದ ಮೇಲೆ ನನ್ನ ಬಗ್ಗೆಯೇ ನನಗಿದ್ದ ಸಿಟ್ಟು ಸ್ವಲ್ಪ ಇಳಿಯಿತು. ಲೆಕ್ಕ ಬಲ್ಲ ನೀವು ಸ್ವಂತ ಸಾಲವನ್ನು ಕೂಡಿಸಲಾಗದೆ ಹೋದದ್ದು ದಡ್ಡತನದಿಂದಲ್ಲ.

ಆ ಆ್ಯಪಿನ ವಿಷಯದಲ್ಲಿ ಬ್ಯಾಂಕಿನ ಹಿರಿಯರ ಮಾತಿಗೆ ನನ್ನದೊಂದು ಸಾಕ್ಷಿ ಇದೆ. ನಾನು 12,000 ರೂಪಾಯಿಯ ಸಾಲ ಕೇಳಿದಾಗ ಕೈಗೆ ಬಂದದ್ದು 9,300. ಗಡುವು ಮುಗಿದ ಮರುದಿನ ಬೆಳಿಗ್ಗೆ ಆರೂಕಾಲಕ್ಕೆ, ವಾರ್ಡಿನಲ್ಲಿ ರಾತ್ರಿ ಪಾಳಿ ಮುಗಿಸುತ್ತಿದ್ದಾಗ, ಮೊದಲ ಕರೆ ಬಂತು. ಮಧ್ಯಾಹ್ನದೊಳಗೆ ನನ್ನ ಫೋನಿನಲ್ಲಿದ್ದ ಸಹೋದ್ಯೋಗಿಗಳಿಗೂ ಹೋಯಿತು. ಸಾಲ ವಸೂಲಿಗೆ ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಸ್ಪಷ್ಟಪಡಿಸಿದೆ, ಸಾಲಗಾರರ ಬಂಧುಮಿತ್ರರನ್ನು ಪೀಡಿಸುವಂತೆಯೂ ಇಲ್ಲ. ನನಗೆ ಆಗ ಇದು ಗೊತ್ತಿರಲಿಲ್ಲ.

ನನಗೆ ಸಹಾಯವಾದ ಒಂದು ಅಭ್ಯಾಸವನ್ನು ಹೇಳುತ್ತೇನೆ. ವಾರದಲ್ಲಿ ಒಂದೇ ದಿನ, ಶನಿವಾರ ಬೆಳಿಗ್ಗೆ ಅರ್ಧ ಗಂಟೆ, ಹಣದ ಲೆಕ್ಕಕ್ಕೆ ಮೀಸಲು. ರಾತ್ರಿ ಎಚ್ಚರವಾಗಿ ಲೆಕ್ಕ ಶುರುವಾದರೆ ಹಾಸಿಗೆಯ ಪಕ್ಕದ ಪುಸ್ತಕದಲ್ಲಿ ಒಂದು ಸಾಲು ಬರೆದು ಶನಿವಾರಕ್ಕೆ ಬಿಡುತ್ತೇನೆ. ಮೊದಲ ವಾರ ಇದರಿಂದ ಏನೂ ಆಗಲಿಲ್ಲ. ಒಂದು ತಿಂಗಳಲ್ಲಿ ನಿದ್ರೆ ಸುಧಾರಿಸಿತು. ಹಾಗೆಯೂ ನಿದ್ರೆ ಬಾರದೆ, ಊಟ ಸೇರದೆ, ಬದುಕೇ ಬೇಡವೆನಿಸುವ ಯೋಚನೆ ಒಮ್ಮೆ ಸುಳಿದರೂ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್ ಎಂಬ ಸರಕಾರಿ ಸಹಾಯವಾಣಿ, ಕರೆಗೆ ಹಣವಿಲ್ಲ, ಹಗಲು ರಾತ್ರಿ ಕನ್ನಡದಲ್ಲಿ ಮಾತನಾಡುತ್ತಾರೆ.

ಇನ್ನೊಂದು ಮಾತು. ನಿಮ್ಮ ಕಾರ್ಡಿನ ಸಾಲ ಹುಟ್ಟಿದ್ದು ಆಸ್ಪತ್ರೆಯಲ್ಲಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ವರೆಗೆ, ಎಪಿಎಲ್ ಕುಟುಂಬಕ್ಕೆ ಚಿಕಿತ್ಸೆಯ ನಿಗದಿತ ವೆಚ್ಚದ ಶೇ. 30ರಂತೆ ಒಂದೂವರೆ ಲಕ್ಷದ ವರೆಗೆ ನೆರವು ನೀಡುತ್ತದೆ. ತುರ್ತು ಸಂದರ್ಭ ಬಿಟ್ಟರೆ ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಬಿಲ್ ಕಟ್ಟಿದ ಮೇಲೆ ಈ ಯೋಜನೆಯ ಕಾರ್ಡನ್ನು ಹುಡುಕುವವರನ್ನು ನಾನು ಪ್ರತಿ ವಾರ ನೋಡುತ್ತೇನೆ. ಅಪ್ಪನಿಗೂ ಅಮ್ಮನಿಗೂ ಈಗಲೇ ಮಾಡಿಸಿಡಿ.

ಮೂರು ವಾರಗಳ ನಂತರ — ಸುರತ್ಕಲ್ ನಿವಾಸಿ

ಎಲ್ಲರಿಗೂ ಋಣಿ. ಕಾರ್ಕಳದ ಅಕ್ಕ ಹೇಳಿದಂತೆ ಭಾನುವಾರ ರಾತ್ರಿ ಹಾಳೆಯನ್ನು ಪತ್ನಿಯ ಮುಂದಿಟ್ಟೆ. ಗೃಹಸಾಲ ಬಿಟ್ಟು ಒಟ್ಟು 3,95,000: ಕಾರ್ಡುಗಳದ್ದು 1,84,000, ವೈಯಕ್ತಿಕ ಸಾಲದ ಅಸಲು 1,51,000, ಸೊಸೈಟಿಯದ್ದು 60,000. ಕತ್ತಲಲ್ಲಿ ಏಳು ಲಕ್ಷವಾಗಿದ್ದದ್ದು ಕಾಗದದ ಮೇಲೆ ನಾಲ್ಕರೊಳಗೆ ನಿಂತಿತು. ಅವಳು ಬೆರಳಿಟ್ಟು ಒಂದೊಂದೇ ಸಾಲನ್ನು ಓದಿದಳು. ಕಾರ್ಡಿನ ವಿಷಯ ಮಳೆಗಾಲದಿಂದಲೇ ಗೊತ್ತಿತ್ತಂತೆ. ಮಗಳು ಶಾಲೆಯ ಮನೆಗೆಲಸಕ್ಕೆಂದು ನನ್ನ ಫೋನ್ ತೆಗೆದುಕೊಂಡಾಗ ಸಂದೇಶ ಪತ್ನಿಯ ಕಣ್ಣಿಗೆ ಬಿದ್ದಿತ್ತು. ನೀವಾಗಿ ಹೇಳುತ್ತೀರೆಂದು ಕಾದೆ ಎಂದಳು. ಆಮೇಲೆ ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ಕೆಳಗೆ ಇನ್ನೊಂದು ಸಾಲು ಬರೆದಳು: ಅಕ್ಕನಿಗೆ 6,000. ಜೂನಿನಲ್ಲಿ ಶಾಲೆಯ ಶುಲ್ಕಕ್ಕೆ ಸಾಲದೆ ತನ್ನ ಅಕ್ಕನಿಂದ 15,000 ತಂದು, ನನಗೆ ಹೇಳದೆ ತಿಂಗಳಿಗೆ 1,500ರಂತೆ ತೀರಿಸುತ್ತಿದ್ದಳು. ಆ ಸಾಲನ್ನು ನೋಡುತ್ತಾ ಇಬ್ಬರೂ ಬಹಳ ಹೊತ್ತು ಮಾತನಾಡಲಿಲ್ಲ.

ಒಡವೆಯ ಮಾತನ್ನು ನಾನು ಎತ್ತಲಿಲ್ಲ. ನಾಲ್ಕು ದಿನ ಬಿಟ್ಟು ಅವಳೇ ಅವಲಕ್ಕಿ ಸರವನ್ನೂ ಒಂದು ಜೊತೆ ಬಳೆಯನ್ನೂ ಆರಿಸಿದಳು. ಸಾಲ ಅವಳ ಹೆಸರಿನಲ್ಲಿದೆ, ಹದಿನೈದು ಕಂತು. ಬ್ಯಾಂಕಿನ ರಸೀದಿ ಅವಳ ಕಪಾಟಿನಲ್ಲಿದೆ. ಪಿಗ್ಮಿಯಿಂದ ಕಡಿತ ಕಳೆದು 53,100 ಬಂತು. ಎರಡೂ ಕಾರ್ಡುಗಳ ಬಾಕಿ ಪೂರ್ತಿ ಕಟ್ಟಿಯಾಯಿತು. ಗೃಹಸಾಲದ ಬದಲಾವಣೆಗೆ ಅರ್ಜಿ ಕೊಟ್ಟಿದ್ದೇನೆ. ದೈವಸ್ಥಾನಕ್ಕೆ ಸದ್ಯ 10,000 ಕೊಟ್ಟು ಉಳಿದದ್ದಕ್ಕೆ ಮುಂದಿನ ವರ್ಷದ ನೇಮದವರೆಗೆ ಸಮಯ ಕೇಳಿದ್ದೇನೆ, ಒಪ್ಪಿದ್ದಾರೆ. ನಿದ್ರೆ ಎಲ್ಲ ದಿನವೂ ಬರುತ್ತಿಲ್ಲ. ಮೊನ್ನೆ ಪುನಃ ಎರಡೂವರೆಗೆ ಎಚ್ಚರವಾಯಿತು. ಆದರೆ ಈ ಬಾರಿ ಪತ್ನಿಯೂ ಎದ್ದಿದ್ದಳು, ಅವಳೊಡನೆ ಮಾತನಾಡುತ್ತಾ ಹೇಗೋ ಬೆಳಗಾಯಿತು.

ಮಗಳ ಪ್ರವಾಸದ ದಿನ ಮಾತ್ರ ಕಳೆದುಹೋಗಿತ್ತು. ಅವಳ ತರಗತಿಯವರು ಪಿಲಿಕುಳಕ್ಕೆ ಹೋಗಿ ಬಂದಿದ್ದರು. ಕಳೆದ ಭಾನುವಾರ ನಾವು ಮೂವರೂ ಅಲ್ಲಿಗೆ ಹೋದೆವು. ಅವಳು ಖುಷಿಯಾಗಿದ್ದಳು, ಆದರೆ ಗೆಳತಿಯರ ಜೊತೆ ಹೋಗುವುದು ಬೇರೆಯೇ ಎಂದು ನನಗೂ ಗೊತ್ತು.

ಕೊನೆಯದಾಗಿ ಹಿರಿಯರಲ್ಲಿ ಒಂದು ಪ್ರಶ್ನೆ: ಕಾರ್ಡುಗಳನ್ನು ಈಗ ಕತ್ತರಿಸಿ ಎಸೆದರೆ ಸಾಕೇ?

ಉತ್ತರ — ನಿವೃತ್ತ ಬ್ಯಾಂಕ್ ನೌಕರ, ಕುಂಜಿಬೆಟ್ಟು

ಸಾಲದು. ಸ್ಟೇಟ್‌ಮೆಂಟ್ ಬಂದ ದಿನದಿಂದ ನೀವು ಹಣ ಕಟ್ಟಿದ ದಿನದವರೆಗಿನ ಬಡ್ಡಿ ಮುಂದಿನ ಸ್ಟೇಟ್‌ಮೆಂಟಿನಲ್ಲಿ ಬರುತ್ತದೆ. ಎಲ್ಲ ಮುಗಿಯಿತೆಂದು ಅದನ್ನು ನೋಡದೆ ಬಿಟ್ಟವರಿಗೆ ಕೆಲವು ನೂರು ರೂಪಾಯಿಯ ಬಾಕಿಗೆ ದಂಡ ಬಿದ್ದು, ಸಾಲ ತೀರಿಸುವ ಶಿಸ್ತನ್ನು ಅಳೆಯುವ ಸಿಬಿಲ್ ಅಂಕ ಕುಸಿದದ್ದನ್ನು ಕಂಡಿದ್ದೇನೆ. ಅದನ್ನು ಕಟ್ಟಿ, ಮುಂದಿನ ತಿಂಗಳು ಬಾಕಿ ಸೊನ್ನೆ ಎಂದು ಬಂದ ಮೇಲೆ ಕಾರ್ಡ್ ಮುಚ್ಚಲು ಲಿಖಿತವಾಗಿ ಕೋರಿಕೆ ಕಳುಹಿಸಿ. ಬಾಕಿಯಿಲ್ಲದ ಕಾರ್ಡನ್ನು ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು, ತಪ್ಪಿದರೆ ದಿನಕ್ಕೆ 500 ರೂಪಾಯಿಯಂತೆ ಗ್ರಾಹಕರಿಗೆ ಕೊಡಬೇಕು ಎಂಬುದು ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನ. ಮುಚ್ಚಿದ್ದಕ್ಕೆ ಪತ್ರ ಅಥವಾ ಇಮೇಲ್ ಪಡೆದು, ಅದನ್ನೂ ನಿಮ್ಮ ಪತ್ನಿಯ ಕಪಾಟಿನಲ್ಲಿ, ಆ ರಸೀದಿಯ ಜೊತೆಗೇ ಇಡಿ.